ಊಟದ ದರ ಬಾಗಿಲಲ್ಲೇ ಬರೆಯಿರಿ: ಅವಳಿ ನಗರದ ಪಾಲಿಕೆಗೆ, ಹೋಟೆಲ್ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಮಾನ್ಯ ಮಹಾಪೌರರಿಗೆ, ಆಯುಕ್ತರಿಗೆ, ಅವಳಿ ನಗರದ ಎಲ್ಲ ಹೋಟೆಲ್ ಹಾಗೂ ಖಾನಾವಳಿ ಮಾಲೀಕರಿಗೆ,

ನಮಸ್ಕಾರಗಳು.

ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರಿನಲ್ಲಿ ಕುಳಿತು ಉಣ್ಣಲು ಜಾಗವಿರುವ ಪ್ರತಿಯೊಂದು ಹೋಟೆಲಿನ ಬಾಗಿಲಲ್ಲೂ ಊಟದ ದರ ಎಷ್ಟು, ಆ ದರಕ್ಕೆ ಏನೇನು ಬಡಿಸುತ್ತಾರೆ ಎಂಬುದನ್ನು ಕನ್ನಡದಲ್ಲಿ ಬರೆದು ಹಾಕಬೇಕು. ಒಳಗೆ ಕಾಲಿಡುವ ಮೊದಲೇ ಅದು ಕಣ್ಣಿಗೆ ಬೀಳಬೇಕು. ಬರೆದಷ್ಟೇ ಬಿಲ್ ಆಗಬೇಕು. ಕೇಳದ ಪದಾರ್ಥ ಮೇಜಿನ ಮೇಲೆ ಬರಬಾರದು. ಕುಡಿಯುವ ನೀರು ಮಾತ್ರ ಕೇಳದೆಯೇ ಬರಬೇಕು, ಅದಕ್ಕೆ ದುಡ್ಡು ಹಿಡಿಯಬಾರದು. ಇಷ್ಟೇ.

ಸಣ್ಣ ಅಂಗಡಿ, ಚಹಾದಂಗಡಿ, ಖಾನಾವಳಿಗಳ ಲೆಕ್ಕ ಬರೆದುಕೊಡುವುದು, ಅವರ ತೆರಿಗೆಯ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕಸುಬು. ಹಾಗಾಗಿ ಮಾಲೀಕರ ಕಷ್ಟ ನನಗೆ ಹೊಸದಲ್ಲ. 19 ಕಿಲೋ ತೂಕದ ವಾಣಿಜ್ಯ ಸಿಲಿಂಡರಿನ ದರ ಪ್ರತಿ ತಿಂಗಳ ಒಂದನೇ ತಾರೀಖಿಗೆ ಏನಾಗುತ್ತದೋ ಎಂದು ಅವರು ಕಾಯುವುದನ್ನು ನೋಡಿದ್ದೇನೆ. ಶೇಂಗಾ ಎಣ್ಣೆಯ ಡಬ್ಬಿ, ಬ್ಯಾಡಗಿ ಮೆಣಸಿನಕಾಯಿ, ಅಡುಗೆಯವರ ಪಗಾರ, ಅಂಗಡಿಯ ಬಾಡಿಗೆ ಎಲ್ಲವೂ ನನ್ನ ಕೈಯಿಂದಲೇ ವಹಿಗೆ ಇಳಿಯುತ್ತವೆ. ಊಟವನ್ನು ಅಗ್ಗ ಮಾಡಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ನಿಮ್ಮ ದರ ನೀವೇ ಗೊತ್ತುಮಾಡಿಕೊಳ್ಳಿ, ಅದು ನಿಮ್ಮ ಹಕ್ಕು. ಆ ದರವನ್ನು ಉಣ್ಣುವವರಿಗೆ ಮೊದಲೇ ತಿಳಿಸಿ ಎಂದಷ್ಟೇ ಕೇಳುತ್ತಿದ್ದೇನೆ.

ಈ ಊರಿಗೆ ಯಾರು ಬರುತ್ತಾರೆ ಎಂಬುದನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಎಲ್ಲರೂ ಇನ್ನೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಗದಗ, ಹಾವೇರಿ, ಬಾಗಲಕೋಟೆ, ಕೊಪ್ಪಳ, ಉತ್ತರ ಕನ್ನಡದಿಂದ ಜನ ಬರುತ್ತಾರೆ. ಅಮರಗೋಳದ ಎಪಿಎಂಸಿಗೆ ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಹೇರಿಕೊಂಡು ರೈತರು ಬರುತ್ತಾರೆ. ಹೈಕೋರ್ಟಿನ ಧಾರವಾಡ ಪೀಠಕ್ಕೆ ಕಕ್ಷಿದಾರರು ಬರುತ್ತಾರೆ. ಮದುವೆಯ ಜವಳಿ ತೆಗೆಯಲು ಇಡೀ ಮನೆಯವರು ಬಂದು ಕೊಪ್ಪೀಕರ ರಸ್ತೆಯಲ್ಲಿ ದಿನವಿಡೀ ತಿರುಗುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದ ಸಾವಿರಾರು ಹುಡುಗ ಹುಡುಗಿಯರು ಧಾರವಾಡದ ಸಪ್ತಾಪುರದ ಸುತ್ತಮುತ್ತ ಕೋಣೆ ಹಿಡಿದಿದ್ದಾರೆ. ಜಗತ್ತಿನಲ್ಲೇ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್, 1,507 ಮೀಟರಿನದು, ನಮ್ಮ ಊರಿನಲ್ಲಿದೆ ಎಂದು 2023ರಿಂದ ಹೆಮ್ಮೆಪಡುತ್ತಿದ್ದೇವೆ. ಆ ಪ್ಲಾಟ್‌ಫಾರ್ಮಿನಿಂದ ಹೊರಬಂದವರಿಗೆ ಹಸಿವಾಗಿರುತ್ತದೆ. ಅವರ ಕಿಸೆಯಲ್ಲಿ ಎಣಿಸಿಟ್ಟ ಹಣವಿರುತ್ತದೆ. ಆಸ್ಪತ್ರೆಗೆ ಇಷ್ಟು, ಔಷಧಕ್ಕೆ ಇಷ್ಟು, ಬಸ್ಸಿಗೆ ಇಷ್ಟು, ಊಟಕ್ಕೆ ಇಷ್ಟು.

ಊಟಕ್ಕೆಂದು ತೆಗೆದಿಟ್ಟ ಆ ಹಣ ಎಷ್ಟೋ ಸಲ ಸಾಕಾಗುವಷ್ಟೇ ಇರುತ್ತದೆ. ಆದರೂ ಅವರು ಹೋಟೆಲಿನೊಳಗೆ ಹೋಗುವುದಿಲ್ಲ. ಒಳಗೆ ಎಷ್ಟಾಗುತ್ತದೆಯೋ ಗೊತ್ತಿಲ್ಲ. ಕುಳಿತ ಮೇಲೆ ಎದ್ದು ಬರುವುದು ಮರ್ಯಾದೆಯ ಪ್ರಶ್ನೆ. ಆಸ್ಪತ್ರೆಯ ಆವರಣದ ಕಟ್ಟೆಯ ಮೇಲೆ ಬಾಳೆಹಣ್ಣು, ಬನ್ನು ತಿಂದು ಮಧ್ಯಾಹ್ನ ಕಳೆಯುವ ಎಲ್ಲರೂ ಕೈಯಲ್ಲಿ ಕಾಸಿಲ್ಲದವರಲ್ಲ. ಅನೇಕರು ದರ ತಿಳಿಯದೆ ಹೊರಗೆ ಉಳಿದವರು. ಇದು ನನ್ನನ್ನು ಬಹಳ ನೋಯಿಸುತ್ತದೆ, ಏಕೆಂದರೆ ಇದನ್ನು ತಪ್ಪಿಸಲು ಒಂದು ಹಲಗೆ, ಒಂದು ತುಂಡು ಸೀಮೆಸುಣ್ಣ ಸಾಕು.

ಒಳಗೆ ಹೋದವರ ಪಾಡನ್ನೂ ಹೇಳುತ್ತೇನೆ. ನಗರದ ಒಂದು ರೆಸ್ಟೋರೆಂಟಿನಲ್ಲಿ ನನ್ನ ಪಕ್ಕದ ಮೇಜಿಗೆ ನವಲಗುಂದದ ಕಡೆಯ ಒಂದು ಕುಟುಂಬ ಬಂದು ಕುಳಿತಿತು. ಗಂಡ, ಹೆಂಡತಿ, ಶಾಲೆಗೆ ಹೋಗುವ ವಯಸ್ಸಿನ ಇಬ್ಬರು ಮಕ್ಕಳು, ಸೆರಗು ಹೊದ್ದ ಒಬ್ಬ ಅಜ್ಜಿ. ಅವರು ಸರಿಯಾಗಿ ಕೂರುವಷ್ಟರಲ್ಲಿ ವೇಟರ್ ಎರಡು ನೀರಿನ ಬಾಟಲಿ ತಂದು ಮುಚ್ಚಳ ತಿರುವಿ ಇಟ್ಟ. ಹಿಂದೆಯೇ ಒಂದು ತಟ್ಟೆ ಹಪ್ಪಳ ಬಂತು. ಆಮೇಲೆ ಮೆನು ಬಂತು, ರಟ್ಟಿನ ಹೊದಿಕೆಯ ದಪ್ಪ ಪುಸ್ತಕ, ಒಂದಕ್ಷರ ಕನ್ನಡವಿಲ್ಲ. ಆ ಮನುಷ್ಯ ಪುಟದ ಎಡಗಡೆ ನೋಡಲೇ ಇಲ್ಲ. ಬಲಗಡೆಯ ಅಂಕಿಗಳ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓಡಾಡಿಸಿದರು. ದೊಡ್ಡ ಮಗಳು ತಗ್ಗಿದ ದನಿಯಲ್ಲಿ ಹೆಸರುಗಳನ್ನು ಓದಿ ಹೇಳುತ್ತಿದ್ದಳು. ಒಂದು ಪಲ್ಯ ಎಷ್ಟು ಜನಕ್ಕೆ ಆಗುತ್ತದೆ ಎಂದು ಅಜ್ಜಿ ಕೇಳಿದರು. ಆ ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಕೊನೆಗೆ ಒಂದು ದಾಲ್, ಎಣಿಸಿ ಏಳು ರೊಟ್ಟಿ ಹೇಳಿದರು. ತಂದೆ ತಮಗೆ ಹಸಿವಿಲ್ಲ ಎಂದರು. ಹಪ್ಪಳವನ್ನು ಮಕ್ಕಳು ಮುಟ್ಟದಂತೆ ತಾಯಿ ತಟ್ಟೆಯನ್ನು ಮೇಜಿನ ಅಂಚಿಗೆ ಸರಿಸಿಟ್ಟರು. ಬಿಲ್ಲಿನಲ್ಲಿ ಆ ಹಪ್ಪಳವೂ ಇತ್ತು.

ಅಲ್ಲಿ ಯಾರೂ ಯಾರಿಗೂ ಕೆಟ್ಟ ಮಾತು ಆಡಲಿಲ್ಲ. ವೇಟರ್ ತನಗೆ ಹೇಳಿಕೊಟ್ಟಂತೆ ನಡೆದುಕೊಂಡ. ಆದರೆ ಐದು ಜನ ಹೊಟ್ಟೆತುಂಬ ಉಣ್ಣಲು ಬಂದು ಅರೆಹೊಟ್ಟೆಯಲ್ಲಿ ಎದ್ದುಹೋದರು. ಅಲ್ಲಿಂದ ಸ್ವಲ್ಪವೇ ದೂರದ ಖಾನಾವಳಿಯಲ್ಲಿ ಅದೇ ಹಣಕ್ಕೆ ಐವರೂ ಸಮಾಧಾನದಿಂದ ಉಣ್ಣಬಹುದಿತ್ತು. ಅದು ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಬಿಲ್ ಹೇಗೆ ಏರುತ್ತದೆ ಎಂಬುದನ್ನು ಒಂದು ಉದಾಹರಣೆಯ ಲೆಕ್ಕದಲ್ಲಿ ನೋಡೋಣ. ನಾಲ್ಕು ಜನ ಒಂದು ಪನೀರ್ ಮಸಾಲೆ 220 ರೂಪಾಯಿ, ಒಂದು ದಾಲ್ 150, ತಲಾ 25ರಂತೆ ಎಂಟು ರೊಟ್ಟಿಗೆ 200, ಒಂದು ಜೀರಾ ರೈಸ್ 140 ಎಂದು ಮನಸ್ಸಿನಲ್ಲಿ ಕೂಡಿಕೊಂಡು ಹೇಳಿದರು ಎನ್ನಿ. 710 ಆಯಿತು. ಕೇಳದೆ ಬಂದ ಎರಡು ಬಾಟಲಿ ನೀರಿಗೆ 40, ನಾಲ್ಕು ಹಪ್ಪಳಕ್ಕೆ 80 ಸೇರಿ 830. ಸೇವಾ ಶುಲ್ಕ ಎಂದು ಶೇಕಡ ಹತ್ತು ಹಾಕುವ ಕಡೆ ಇನ್ನೂ 83. ಆ ಮೊತ್ತದ ಮೇಲೆ ಶೇಕಡ 5ರ ಜಿಎಸ್‌ಟಿ 45 ರೂಪಾಯಿ 65 ಪೈಸೆ. ಕೊನೆಗೆ 958 ರೂಪಾಯಿ 65 ಪೈಸೆ. 710ಕ್ಕೆ ಸಿದ್ಧರಾಗಿ ಬಂದವರು ಸುಮಾರು ಇನ್ನೂರೈವತ್ತು ರೂಪಾಯಿ ಹೆಚ್ಚು ಕೊಡಬೇಕಾಯಿತು. ಇದರಲ್ಲಿ ತೆರಿಗೆಯ ಪಾಲು ಚಿಕ್ಕದು. ಬಹುಪಾಲು ಅವರು ಬೇಡದೆ ಬಂದದ್ದು. ತಿಂಗಳಿಗೊಮ್ಮೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಗೆ ಉಣ್ಣುವ ಗುಮಾಸ್ತನಿಗೆ, ಹೊಲಿಗೆ ಕೆಲಸದ ಹೆಣ್ಣುಮಗಳಿಗೆ ಆ ಇನ್ನೂರೈವತ್ತು ಎರಡು ದಿನದ ಸಂತೆಯ ಕಾಯಿಪಲ್ಯ.

ಇದರಲ್ಲಿ ಕೆಲವಕ್ಕೆ ಈಗಾಗಲೇ ನಿಯಮವಿದೆ. ಗೊತ್ತಿರುವವರು ಕಡಿಮೆ, ಆದ್ದರಿಂದ ಇಲ್ಲಿ ಬರೆಯುತ್ತೇನೆ. ಹೋಟೆಲುಗಳು ತಾವಾಗಿಯೇ ಬಿಲ್ಲಿಗೆ ಸೇವಾ ಶುಲ್ಕ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಬೇರೆ ಹೆಸರಿನಲ್ಲಿಯೂ ವಸೂಲಿ ಮಾಡುವಂತಿಲ್ಲ, ಕೊಡಲೊಪ್ಪದವರನ್ನು ಒಳಗೆ ಬಿಡುವುದಿಲ್ಲ ಎನ್ನುವಂತಿಲ್ಲ. ಹೋಟೆಲುಗಳ ಸಂಘಟನೆಗಳು ಇದನ್ನು ಪ್ರಶ್ನಿಸಿದವು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಬಡಿಸಿದವರ ಕೈಯಲ್ಲಿ ಹತ್ತೋ ಇಪ್ಪತ್ತೋ ಇಡುವುದು ಉಂಡವರ ಸಂತೋಷಕ್ಕೆ ಬಿಟ್ಟದ್ದು. ತಗಾದೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಜಿಎಸ್‌ಟಿಯ ವಿಷಯವೂ ಅಷ್ಟೇ. 2017ರ ನವೆಂಬರ್ 15ಕ್ಕೆ ಮೊದಲು ಎಸಿ ಹೋಟೆಲಿನಲ್ಲಿ ಶೇಕಡ 18, ಎಸಿ ಇಲ್ಲದ ಕಡೆ ಶೇಕಡ 12 ತೆರಿಗೆ ಇತ್ತು. ಅಂದಿನಿಂದ, ದುಬಾರಿ ತಾರಾ ಹೋಟೆಲುಗಳನ್ನು ಬಿಟ್ಟರೆ, ಎಲ್ಲ ಕಡೆ ಶೇಕಡ 5. ವರ್ಷದ ವಹಿವಾಟು ಒಂದೂವರೆ ಕೋಟಿಯೊಳಗಿದ್ದು, ರಾಜಿ ತೆರಿಗೆಯ (ಕಾಂಪೋಸಿಷನ್) ಪದ್ಧತಿಯನ್ನು ಆರಿಸಿಕೊಂಡ ಹೋಟೆಲುಗಳು ತಮ್ಮ ಗಳಿಕೆಯಿಂದಲೇ ತೆರಿಗೆ ಕಟ್ಟಬೇಕು. ಗ್ರಾಹಕರಿಂದ ಒಂದು ಪೈಸೆಯನ್ನೂ ತೆರಿಗೆಯೆಂದು ಪಡೆಯುವಂತಿಲ್ಲ. ತಾವು ಆ ಪದ್ಧತಿಯಲ್ಲಿದ್ದೇವೆ ಎಂಬುದನ್ನು ಅಂಗಡಿಯಲ್ಲಿ ಎದ್ದು ಕಾಣುವಂತೆ ಬರೆದು ಹಾಕಬೇಕು, ಬಿಲ್ಲಿನ ಮೇಲೂ ನಮೂದಿಸಬೇಕು. ಸಣ್ಣ ಊಟದ ಹೋಟೆಲಿಗೆ ಹೋದಾಗ ಬಿಲ್ಲಿನ ತಲೆಬರಹ ಒಮ್ಮೆ ಓದಿ. ರಾಜಿ ತೆರಿಗೆಯವರು ಎಂದು ಬರೆದಿದ್ದು ಕೆಳಗೆ ಜಿಎಸ್‌ಟಿ ಕೂಡಿಸಿದ್ದರೆ ಅದನ್ನು ಕೊಡಬೇಕಾಗಿಲ್ಲ. ನಾನು ಲೆಕ್ಕ ಬರೆಯುವ ಮಾಲೀಕರಿಗೆ ಇದನ್ನು ಖಂಡಿತವಾಗಿ ಹೇಳುತ್ತೇನೆ, ಅವರು ಪಾಲಿಸುತ್ತಾರೆ.

ಸಣ್ಣ ಹೋಟೆಲಿನವರ ಭಯವೂ ನನಗೆ ಗೊತ್ತು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ಮೇಲೆ ಬಹಳ ಜನ ಬೆದರಿ ಸ್ಕ್ಯಾನ್ ಮಾಡುವ ಫಲಕವನ್ನೇ ತೆಗೆದಿಟ್ಟರು. ಬಾಗಿಲಲ್ಲಿ ದರ ಬರೆದರೆ ಅಧಿಕಾರಿಗಳು ಕೂತು ಗುಣಿಸುತ್ತಾರೆ ಎಂಬ ಅಂಜಿಕೆ ಕೆಲವರಿಗಿದೆ. ಸ್ವಾಮಿ, ದರಪಟ್ಟಿಯಿಂದ ವಹಿವಾಟು ಲೆಕ್ಕ ಹಾಕಲು ಬರುವುದಿಲ್ಲ. ನೆಟ್ಟಗೆ ಲೆಕ್ಕ ಇಟ್ಟವರಿಗೆ ಹಲಗೆಯಿಂದ ತೊಂದರೆಯಿಲ್ಲ. ವರ್ಷದ ವಹಿವಾಟು 20 ಲಕ್ಷ ದಾಟದ ಊಟದ ಹೋಟೆಲಿಗೆ ಜಿಎಸ್‌ಟಿ ನೋಂದಣಿಯ ಒತ್ತಾಯವೇ ಇಲ್ಲ.

ಇನ್ನು ನಮ್ಮ ಖಾನಾವಳಿಗಳ ಮಾತು. ಈ ವಿಷಯದಲ್ಲಿ ಅವು ಎಲ್ಲರಿಗೂ ದಾರಿ ತೋರಿಸಬಲ್ಲವು, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಾನು ಲೆಕ್ಕ ಬರೆಯುವ ಧಾರವಾಡದ ಒಂದು ಲಿಂಗಾಯತ ಖಾನಾವಳಿಯಲ್ಲಿ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹಂಚು ಕಾಯತೊಡಗುತ್ತದೆ. ರೊಟ್ಟಿ ಬಡಿಯುವ ಸಪ್ಪಳ ರಸ್ತೆಗೇ ಕೇಳುತ್ತದೆ. ಸ್ಟೀಲಿನ ತಾಟಿನ ಒಂದು ಕಡೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಚೂರು ಕೆಂಪು ಖಾರ. ಪಕ್ಕದಲ್ಲಿ ಹೆಚ್ಚಿದ ಉಳ್ಳಾಗಡ್ಡಿ, ಸೌತೆಕಾಯಿ, ನಾಲ್ಕು ಎಳೆ ಹಸಿ ಮೆಂತೆ ಸೊಪ್ಪು. ಬದನೆಕಾಯಿ ಎಣ್ಣೆಗಾಯಿ, ಮಡಕೆಕಾಳಿನ ಪಲ್ಯ. ಒಂದು ಬಟ್ಟಲು ಮೊಸರು. ಎರಡು ಬಿಸಿ ಜೋಳದ ರೊಟ್ಟಿ, ಬೇಡವೆಂದರೆ ಚಪಾತಿ. ಆಮೇಲೆ ಅನ್ನ, ಸಾರು, ಕೊನೆಗೆ ಮಜ್ಜಿಗೆ. ಎಲ್ಲದಕ್ಕೂ ಒಂದೇ ದರ, ನೂರು ರೂಪಾಯಿಯ ಆಸುಪಾಸು. ಹೊಲದಲ್ಲಿ ದುಡಿಯುವವರೂ ಇಲ್ಲಿ ಹೊಟ್ಟೆ ತುಂಬಿಸಿಕೊಂಡು ಏಳುತ್ತಾರೆ. ಪೌಷ್ಟಿಕತೆಯ ಲೆಕ್ಕದಲ್ಲಾಗಲಿ ರುಚಿಯ ಲೆಕ್ಕದಲ್ಲಾಗಲಿ, ಇಷ್ಟು ಹಣಕ್ಕೆ ಇದಕ್ಕಿಂತ ಒಳ್ಳೆಯ ಊಟ ಈ ರಾಜ್ಯದಲ್ಲಿ ಬೇರೆಡೆ ಸಿಗುವುದು ಕಷ್ಟ ಎಂದೇ ನನ್ನ ಅಭಿಪ್ರಾಯ.

ಈ ಖಾನಾವಳಿಯನ್ನು ನಡೆಸುವ ತಾಯಿ ಬಾಗಿಲ ಪಕ್ಕ ಶಾಲೆಯ ಕರಿಹಲಗೆಯೊಂದನ್ನು ಒರಗಿಸಿಟ್ಟಿದ್ದಾರೆ. ಬೆಳಗ್ಗೆ ಪೇಟೆಯಿಂದ ಬಂದ ಕಾಯಿಪಲ್ಯ ನೋಡಿ ಅಂದಿನ ಪಲ್ಯಗಳ ಹೆಸರು ಬರೆಯುತ್ತಾರೆ, ಕೆಳಗೆ ದರ, ಅದರ ಕೆಳಗೆ ಹೆಚ್ಚಿಗೆ ರೊಟ್ಟಿಗೆ ಎಷ್ಟು ಎಂಬುದು. ಮೊದಲು ಪರಿಚಯದ ಗಿರಾಕಿಗಳೇ ಹೆಚ್ಚು ಬರುತ್ತಿದ್ದರಂತೆ. ಹಲಗೆ ಇಟ್ಟ ಮೇಲೆ ಪರವೂರಿನವರು, ಚಿಗರಿ ಬಸ್ಸಿನಿಂದ ಇಳಿದವರು ಓದಿಕೊಂಡು ನೇರವಾಗಿ ಒಳಗೆ ಬರತೊಡಗಿದರು ಎಂದು ಅವರೇ ನನಗೆ ಹೇಳಿದರು. "ದರ ಕೇಳೋಕೆ ನಾಚಿಕೆ ಪಡೋರೇ ಹೆಚ್ಚು, ಓದೋಕೆ ಯಾರೂ ನಾಚಿಕೆ ಪಡೋದಿಲ್ಲ" ಎಂದರು.

ಎಲ್ಲ ಖಾನಾವಳಿಗಳೂ ಹೀಗಿಲ್ಲ. ಎರಡನೇ ಸಲ ಪಲ್ಯ ಹಾಕಿಸಿಕೊಂಡರೆ ದುಡ್ಡು ಕೊಡಬೇಕೇ ಬೇಡವೇ ಎಂಬುದು ಹಲವು ಕಡೆ ಉಂಡೆದ್ದ ಮೇಲೆಯೇ ತಿಳಿಯುವುದು. ಸಾವಜಿ ಖಾನಾವಳಿಗಳಲ್ಲಿ ಖಾರದ ಮಟನ್ ರಸಾ ಉಣ್ಣಲು ದೂರದಿಂದ ಬರುವವರಿದ್ದಾರೆ. ಅಲ್ಲಿ ಅನೇಕ ಕಡೆ ರಸಾ ಬೇರೆ, ರೊಟ್ಟಿ ಬೇರೆ, ಅನ್ನ ಬೇರೆ ಲೆಕ್ಕ. ರೂಢಿಯವರಿಗೆ ಅದು ಗೊತ್ತು. ಹೊಸಬರು ಊಟ ಎಂದರೆ ಎಲ್ಲ ಸೇರಿದ್ದು ಎಂದುಕೊಂಡು ಕೂರುತ್ತಾರೆ. ಪದ್ಧತಿ ಬದಲಿಸಬೇಕಾಗಿಲ್ಲ, ಬರೆದರಾಯಿತು.

ನೀರಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ತಪ್ಪನ್ನು ಮಾಲೀಕರ ಮೇಲೆ ಮಾತ್ರ ಹೊರಿಸಲು ನನಗೆ ಮನಸ್ಸಿಲ್ಲ. ಮಲಪ್ರಭೆಯ ನೀರು ನಮ್ಮ ಊರಿನ ಎಷ್ಟೋ ಬಡಾವಣೆಗಳಿಗೆ ಇಂದಿಗೂ ದಿನಗಟ್ಟಲೆ ಬಿಟ್ಟು ಬರುತ್ತದೆ. ದಿನದ 24 ಗಂಟೆ ನೀರು ಎಂಬ ಯೋಜನೆ ಕೆಲವು ವಾರ್ಡುಗಳಲ್ಲಿ ಜಾರಿಗೆ ಬಂದು ಹದಿನೈದು ವರ್ಷ ಮೀರಿತು. ಉಳಿದ ವಾರ್ಡಿನವರು ಇನ್ನೂ ಕಾಯುತ್ತಿದ್ದಾರೆ. ಹೋಟೆಲಿನವರು ಟ್ಯಾಂಕರ್ ತರಿಸುತ್ತಾರೆ, ಶುದ್ಧೀಕರಣದ ಯಂತ್ರ ಕೂರಿಸುತ್ತಾರೆ, ಅದರ ಖರ್ಚನ್ನು ವಹಿಯಲ್ಲಿ ನಾನೇ ಬರೆಯುತ್ತೇನೆ. ಇಷ್ಟಾದರೂ ಉಣ್ಣಲು ಕುಳಿತವರಿಗೆ ಮೊದಲು ನೀರು ಕೊಡುವುದು ನಮ್ಮ ನಾಡಿನ ನಡೆ. ಬಂದವರಿಗೆ ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಕೊಟ್ಟು ಆಮೇಲೆ ಯಾವೂರು ಎಂದು ಕೇಳುವ ಸೀಮೆ ಇದು. ಆದ್ದರಿಂದ ಆಯುಕ್ತರಲ್ಲಿ ನನ್ನ ವಿನಂತಿ: ಹೋಟೆಲುಗಳ ನೀರನ್ನು ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿ, ಫಲಿತಾಂಶದ ಚೀಟಿಯನ್ನು ಗೋಡೆಗೆ ಅಂಟಿಸುವ ವ್ಯವಸ್ಥೆ ಮಾಡಿ. ಜಗ್ಗಿನ ನೀರಿನ ಮೇಲೆ ಜನರಿಗೆ ನಂಬಿಕೆ ಬಂದರೆ ಬಾಟಲಿ ತಾನಾಗಿಯೇ ಮೇಜಿನಿಂದ ಇಳಿಯುತ್ತದೆ. ಮಾಲೀಕರಲ್ಲಿ ವಿನಂತಿ: ಬಾಟಲಿ ಬೇಕೆ ಎಂದು ಕೇಳಿ, ಬೇಕೆಂದ ಮೇಲೆ ತನ್ನಿ.

ಇಂದಿರಾ ಕ್ಯಾಂಟೀನ್ ಇದೆಯಲ್ಲ ಎಂದು ಪಾಲಿಕೆಯ ಹಿರಿಯರೊಬ್ಬರು ನನಗೆ ಹೇಳಿದರು. ಇದೆ, ಅದು ದೊಡ್ಡ ಕೆಲಸ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಆಮೇಲೆ ನಮ್ಮ ಊರಿಗೂ ಬಂದ ಈ ಕ್ಯಾಂಟೀನಿನಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಎಂಬುದು ಎಲ್ಲರಿಗೂ ಬಾಯಿಪಾಠ. ಗಮನಿಸಿ, ಜನ ಅಲ್ಲಿ ಹಿಂಜರಿಯದೆ ಸಾಲಿನಲ್ಲಿ ನಿಲ್ಲುವುದಕ್ಕೆ ಅಗ್ಗವೊಂದೇ ಕಾರಣವಲ್ಲ, ದರ ಎಲ್ಲರಿಗೂ ಮೊದಲೇ ಗೊತ್ತಿರುವುದೂ ಕಾರಣ. ಸಿದ್ಧಾರೂಢ ಮಠದ ದಾಸೋಹವಿದೆ. ಹಸಿದು ಬಂದವರನ್ನು ಅಲ್ಲಿ ಜಾತಿ ಕೇಳದೆ ಕೂರಿಸಿ ಬಡಿಸುತ್ತಾರೆ, ಅದಕ್ಕೆ ಈ ಊರು ಯಾವತ್ತೂ ಋಣಿ. ಆದರೆ ಎಲ್ಲರೂ ಎಲ್ಲ ಹೊತ್ತಿನಲ್ಲೂ ದಾಸೋಹಕ್ಕೆ ಹೋಗಲಾರರು. ನೂರು, ನೂರೈವತ್ತು ರೂಪಾಯಿ ಕಿಸೆಯಲ್ಲಿಟ್ಟುಕೊಂಡು, ಮನೆಯವರನ್ನು ಕರೆದುಕೊಂಡು, ಮೇಜಿನ ಮುಂದೆ ಕುಳಿತು, ತಮ್ಮ ಹಣದಲ್ಲಿ ತಾವು ಉಣ್ಣಬೇಕೆನ್ನುವವರ ಆಸೆಯೂ ಗೌರವದ್ದೇ. ನಾನು ಬರೆಯುತ್ತಿರುವುದು ಅವರ ಪರವಾಗಿ.

ದರ ಬರೆದರೆ ಹೋಟೆಲಿನ ಘನತೆ ಕಡಿಮೆಯಾಗುತ್ತದೆ ಎಂದು ದೊಡ್ಡ ರೆಸ್ಟೋರೆಂಟಿನ ಮಾಲೀಕರೊಬ್ಬರು ನನ್ನೊಡನೆ ವಾದಿಸಿದರು. ಪೆಟ್ರೋಲ್ ಬಂಕಿನಲ್ಲಿ ದರ ಬರೆದಿರುತ್ತದೆ, ಔಷಧದ ಡಬ್ಬಿಯ ಮೇಲೆ ಬರೆದಿರುತ್ತದೆ, ಸಾವಿರಾರು ರೂಪಾಯಿಯ ಸೀರೆಗೂ ಚೀಟಿ ಕಟ್ಟಿರುತ್ತಾರೆ. ಯಾವುದರ ಘನತೆಯೂ ಕಡಿಮೆಯಾಗಿಲ್ಲ. ಕಾಯಿಪಲ್ಯದ ಬೆಲೆ ದಿನಕ್ಕೊಂದು ಆಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಅದಕ್ಕೆಂದೇ ಹಲಗೆ, ಅಳಿಸಿ ಬರೆಯಬಹುದು. ಬೆಳಗ್ಗೆ ಬರೆದದ್ದು ರಾತ್ರಿ ಬಾಗಿಲು ಹಾಕುವವರೆಗೆ ಬದಲಾಗದಿದ್ದರೆ ಸಾಕು. ಹೊರಗಿನ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಫಲಕಗಳು ಬದಲಾದವು, ಸಂತೋಷ. ಮೇಜಿನ ಮೇಲಿನ ಮೆನುವಿಗೆ ಕನ್ನಡ ಯಾವಾಗ ಬರುತ್ತದೆ? ಅವರೆಕಾಳು, ಬೆಂಡೆಕಾಯಿ, ಮೊಸರನ್ನದ ಹೆಸರನ್ನು ಈ ಊರಿನವರು ಮಕ್ಕಳ ಕೈಯಿಂದ ಓದಿಸಿಕೊಳ್ಳಬೇಕಾದ ಸ್ಥಿತಿ ಬರಬಾರದಿತ್ತು.

ಉಣ್ಣಲು ಹೋಗುವ ನಾವೂ ಕೆಲವನ್ನು ರೂಢಿಸಿಕೊಳ್ಳಬೇಕು. ಬಿಡಿಬಿಡಿಯಾಗಿ ತರಿಸುವುದಕ್ಕಿಂತ ಮಧ್ಯಾಹ್ನದ ಊಟ ಅಥವಾ ಥಾಲಿ ಸಾಮಾನ್ಯವಾಗಿ ಅಗ್ಗ. ಉತ್ತರ ಭಾರತದ ಅಡುಗೆಯ ರೆಸ್ಟೋರೆಂಟುಗಳಲ್ಲೂ ಬಹುತೇಕ ಮಧ್ಯಾಹ್ನ ಥಾಲಿ ಇರುತ್ತದೆ. ಅಲ್ಲಿನ ಒಂದು ಪಲ್ಯ ಸಾಮಾನ್ಯವಾಗಿ ಇಬ್ಬರಿಗೆ ಆಗುತ್ತದೆ, ನಾಲ್ಕು ಜನಕ್ಕೆ ನಾಲ್ಕು ಪಲ್ಯ ಹೇಳಬೇಕಾಗಿಲ್ಲ. ಮೊದಲು ಎರಡು ತರಿಸಿ, ಬೇಕಾದರೆ ಇನ್ನೊಂದು ಹೇಳಿದರಾಯಿತು. ಖರ್ಚು ಏರುವುದು ಹೆಚ್ಚಾಗಿ ರೊಟ್ಟಿ, ನಾನ್‌ಗಳ ಎಣಿಕೆಯಲ್ಲಿ, ಹಾಗಾಗಿ ಒಂದು ಅನ್ನ ಸೇರಿಸಿಕೊಂಡರೆ ಹಗುರ. ಬೇಡದ್ದು ಮೇಜಿಗೆ ಬಂದರೆ ಮುಟ್ಟುವ ಮೊದಲೇ ಬೇಡವೆನ್ನಿ. ಬಿಲ್ ಕೈಗೆ ಬಂದಾಗ ಕೂಡಿ ನೋಡಿ, ಅದರಲ್ಲಿ ಸಣ್ಣತನವಿಲ್ಲ. ಹಾಗೆಯೇ ನೂರು ರೂಪಾಯಿಯ ಊಟಕ್ಕೆ ಕುಳಿತು ಐದು ರೂಪಾಯಿಗೆ ಖಾನಾವಳಿಯ ತಾಯಿಯೊಡನೆ ಚೌಕಾಸಿ ಮಾಡಬೇಡಿ, ತಾಟಿನಲ್ಲಿ ಅನ್ನ ಬಿಟ್ಟು ಏಳಬೇಡಿ. ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಉಂಡ ಮೇಲೆ ಜಾಗ ಬಿಟ್ಟುಕೊಟ್ಟರೆ ಹಿಂದೆ ನಿಂತವರಿಗೂ ಉಪಕಾರ, ಮಾಲೀಕರಿಗೂ ನಾಲ್ಕು ಕಾಸು.

ಮಾನ್ಯ ಮಹಾಪೌರರೇ, ಆಯುಕ್ತರೇ, ಹೋಟೆಲುಗಳಿಗೆ ವ್ಯಾಪಾರ ಪರವಾನಗಿ ಕೊಡುವುದು, ನವೀಕರಿಸುವುದು ಪಾಲಿಕೆ. ಆರೋಗ್ಯ ನಿರೀಕ್ಷಕರು ಅಡುಗೆಮನೆಗಳಿಗೆ ಹೇಗೂ ಭೇಟಿ ಕೊಡುತ್ತಾರೆ. ಬಾಗಿಲಲ್ಲಿ ಕನ್ನಡದ ದರಪಟ್ಟಿ ಇದೆಯೇ ಎಂದು ಅವರು ನೋಡಿ ಬರೆದುಕೊಂಡರೆ ಹೊಸ ನೌಕರರು ಬೇಕಾಗಿಲ್ಲ, ಹೊಸ ಕಚೇರಿಯೂ ಬೇಕಾಗಿಲ್ಲ. 82 ವಾರ್ಡುಗಳಲ್ಲೂ ಒಂದೇ ದಿನ ಆಗಲಿ ಎಂದು ನಾನು ಹೇಳುವುದಿಲ್ಲ. ಕಿಮ್ಸ್ ಸುತ್ತಲಿನ ರಸ್ತೆಗಳು, ಗೋಕುಲ ರಸ್ತೆಯ ಬಸ್ ನಿಲ್ದಾಣ, ರೈಲು ನಿಲ್ದಾಣದ ಎದುರು, ಧಾರವಾಡದಲ್ಲಿ ಸಪ್ತಾಪುರ ಮತ್ತು ಜುಬಿಲಿ ವೃತ್ತದ ಆಸುಪಾಸು, ಇಷ್ಟು ಕಡೆ ಮೊದಲು ಮಾಡಿ. ಪರವೂರಿನವರು ಹಸಿದುಕೊಂಡು ನಿಲ್ಲುವ ಜಾಗಗಳು ಇವೇ. ಹೋಟೆಲ್ ಮಾಲೀಕರ ಸಂಘದವರನ್ನು ಕರೆದು ಕೂರಿಸಿಕೊಂಡು ಮಾತನಾಡಿ. ದಂಡ ಹಾಕಿ ಮಾಡಿಸುವುದಕ್ಕಿಂತ ಒಪ್ಪಿಸಿ ಮಾಡಿಸಿದ್ದು ಉಳಿಯುತ್ತದೆ. ಇಂದಿರಾ ಕ್ಯಾಂಟೀನ್ ಯಾವ ಕಡೆ ಇದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬ ಬಾಣದ ಗುರುತಿನ ಫಲಕವನ್ನು ಆಸ್ಪತ್ರೆಯ ಹೊರರೋಗಿ ವಿಭಾಗದ ಬಾಗಿಲಲ್ಲಿ ಹಾಕಿಸಿದರೆ ಬಹಳ ಜನರಿಗೆ ಅನುಕೂಲ.

ಹಲಗೆಯ ಮೇಲೆ ಏನು ಬರೆಯಬೇಕು ಎಂದು ಕೇಳುವ ಮಾಲೀಕರಿಗೆ ಮಾದರಿಯೊಂದನ್ನು ಇಲ್ಲಿಯೇ ಕೊಡುತ್ತೇನೆ.

"ಇಂದಿನ ಊಟ: ಎರಡು ರೊಟ್ಟಿ ಅಥವಾ ಚಪಾತಿ, ಎರಡು ಪಲ್ಯ, ಅನ್ನ, ಸಾರು, ಮೊಸರು. ದರ ಇಷ್ಟು, ತೆರಿಗೆ ಸೇರಿ. ಪಲ್ಯ, ಸಾರು ಎರಡನೇ ಸಲ ಬಡಿಸುತ್ತೇವೆ, ದುಡ್ಡಿಲ್ಲ. ಹೆಚ್ಚಿಗೆ ರೊಟ್ಟಿ ಒಂದಕ್ಕೆ ಇಷ್ಟು. ಮಕ್ಕಳಿಗೆ, ವಯಸ್ಸಾದವರಿಗೆ ಅರ್ಧ ಊಟ ಇದೆ, ದರ ಇಷ್ಟು. ಕುಡಿಯುವ ನೀರು ಉಚಿತ."

ನಿಮ್ಮ ಹೋಟೆಲಿನ ಪದ್ಧತಿಗೆ ತಕ್ಕಂತೆ ಸಾಲುಗಳನ್ನು ಬದಲಿಸಿಕೊಳ್ಳಿ. ಅರ್ಧ ಊಟದ ಸಾಲನ್ನು ಮಾತ್ರ ದಯವಿಟ್ಟು ಬಿಡಬೇಡಿ. ಆಸ್ಪತ್ರೆಗೆ ಬಂದ ಮುದುಕರು, ಚಿಕ್ಕ ಮಕ್ಕಳು ಪೂರ್ತಿ ಊಟ ಉಣ್ಣಲಾರರು. ಅರ್ಧ ಸಿಗುವುದಿಲ್ಲವೆಂದು ಒಂದೇ ತಾಟಿಗೆ ಇಬ್ಬರು ಕೂರಲು ಹೋದರೆ ಹಲವು ಕಡೆ ಬೇಡವೆನ್ನುತ್ತಾರೆ.

ನಾನು ಲೆಕ್ಕ ಬರೆಯುವ ಖಾನಾವಳಿಗಳವರೊಡನೆ ಮಾತನಾಡಿದ್ದೇನೆ. ಹೆಚ್ಚಿನವರು ಒಪ್ಪಿದ್ದಾರೆ, ಹಲಗೆಗಳ ಬರಹವನ್ನು ನಾನೇ ಬರೆದುಕೊಡುತ್ತಿದ್ದೇನೆ. ಬೇರೆ ಯಾವ ಸಣ್ಣ ಹೋಟೆಲಿನವರು ಬಂದರೂ ಬರೆದುಕೊಡುತ್ತೇನೆ, ರಾಜಿ ತೆರಿಗೆಯ ಫಲಕವನ್ನೂ ಸೇರಿಸಿ, ಅದಕ್ಕೆ ಹಣ ಬೇಡ. ಹೊಸ ಆರ್ಥಿಕ ವರ್ಷದ ಪರವಾನಗಿ ನವೀಕರಣಕ್ಕೆ ಮೊದಲು ಪಾಲಿಕೆ ಈ ಬಗ್ಗೆ ಒಂದು ಸಭೆ ಕರೆಯಲಿ, ಅದಕ್ಕೆ ಖಾನಾವಳಿ ನಡೆಸುವ ಹೆಣ್ಣುಮಕ್ಕಳನ್ನೂ, ಸಪ್ತಾಪುರದ ವಿದ್ಯಾರ್ಥಿಗಳನ್ನೂ ಕರೆಯಲಿ. ಸಭೆಯ ದಿನಾಂಕವನ್ನು ಪತ್ರಿಕೆಗಳ ಮೂಲಕ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಖಾನಾವಳಿಗಳ ಲೆಕ್ಕ ಬರೆಯುವ ಒಬ್ಬ ನಾಗರಿಕ
ವಿದ್ಯಾನಗರ, ಹುಬ್ಬಳ್ಳಿ